ಅಂಗಡಿಯ ಮೂಲೆಯಲ್ಲೊಂದು ಆಟದ ಯಂತ್ರ

ಮಂಗಳೂರಿನ ನಂತೂರು ಸರ್ಕಲ್ಲಿನ ಆಸುಪಾಸಿನ ಹೋಟೆಲು, ಬೇಕರಿಗಳಲ್ಲಿ ಪಾರ್ಸೆಲ್ಲಿಗೆಂದೋ ಮಳೆ ಬಿಡಲೆಂದೋ ಹತ್ತು ನಿಮಿಷ ಕಾಯುವವರು ಇದ್ದೇ ಇರುತ್ತಾರೆ. ನಾಣ್ಯ ಹಾಕಿ ಆಡುವ ವಿಡಿಯೊ ಗೇಮ್ ಯಂತ್ರಕ್ಕೆ ಅವರೇ ಗಿರಾಕಿಗಳು. ಅಂಥದ್ದೊಂದನ್ನು ಇಡಬೇಕೆಂದಿರುವ ಅಂಗಡಿಯವರು ತಿಳಿದಿರಬೇಕಾದದ್ದು ಇಷ್ಟು.

ಮೊದಲು ಪರವಾನಗಿ
ವಿಡಿಯೊ ಗೇಮ್ ಅಂಗಡಿಗಳನ್ನು ಪರವಾನಗಿಯ ಮೂಲಕ ನಿಯಂತ್ರಿಸಬಹುದೆಂದು ಸುಪ್ರೀಂ ಕೋರ್ಟ್ 1995ರಲ್ಲಿ, ಕರ್ನಾಟಕದಿಂದಲೇ ಹೋದ ಎಂ.ಜೆ. ಶಿವಾನಿ ಪ್ರಕರಣದಲ್ಲಿ ಹೇಳಿದೆ. ಆದ್ದರಿಂದ ಪಾಲಿಕೆಯ ಟ್ರೇಡ್ ಲೈಸೆನ್ಸ್ ಇದೆಯೆಂದು ಸುಮ್ಮನಿರದೆ ಪೊಲೀಸ್ ಕಮಿಷನರ್ ಕಚೇರಿಯಲ್ಲೂ ಲಿಖಿತವಾಗಿ ವಿಚಾರಿಸಿ. ಗೆದ್ದವರಿಗೆ ಹಣ ಕೊಡುವ ಯಂತ್ರವನ್ನಂತೂ ಒಳಗೆ ಬಿಡಬೇಡಿ. ಅದೃಷ್ಟದ ಮೇಲೆ ಹಣ ಕಟ್ಟಿಸುವುದು 1963ರ ಕರ್ನಾಟಕ ಪೊಲೀಸ್ ಕಾಯ್ದೆಯ ಪ್ರಕಾರ ಜೂಜು.

ನಾಣ್ಯವೋ ಟೋಕನೋ
ನಾಣ್ಯ ಹಾಕುವ ಕಿಂಡಿಯ ಹಿಂದಿನ ಸಾಧನ ನಾಣ್ಯದ ಅಗಲ, ದಪ್ಪ, ಲೋಹಗಳನ್ನು ಪರೀಕ್ಷಿಸಿ, ತಾಳೆಯಾದರೆ ಒಳಗೆ ಬಿಡುತ್ತದೆ, ಇಲ್ಲವಾದರೆ ಹೊರಗೆ ಹಾಕುತ್ತದೆ. ನಮ್ಮ ಚಿಲ್ಲರೆಯ ತೊಡಕು ಇಲ್ಲೇ ಇದೆ. 1992ರಲ್ಲಿ ಬಂದ 5 ರೂಪಾಯಿ ನಾಣ್ಯ 9 ಗ್ರಾಂ. 2007ರ ಉಕ್ಕಿನದು ಅಷ್ಟೇ ಅಗಲವಿದ್ದರೂ 6 ಗ್ರಾಂ. ಹೀಗಾಗಿ ಒಂದೇ ಅಳತೆಯ ಟೋಕನ್ ಅನುಕೂಲ. ಅದನ್ನು ಗಲ್ಲಾದಲ್ಲೇ ಕೊಟ್ಟರೆ ಯಾರು ಆಡುತ್ತಿದ್ದಾರೆ ಎಂಬುದೂ ಕಣ್ಣಿಗೆ ಬೀಳುತ್ತದೆ. ಪದುವಾ, ಶ್ರೀ ಭಾರತೀಯಂಥ ವಿದ್ಯಾಸಂಸ್ಥೆಗಳಿರುವ ಜಾಗವಿದು. ತರಗತಿಯ ಹೊತ್ತಿನಲ್ಲಿ ಸಮವಸ್ತ್ರದ ಮಕ್ಕಳಿಗೆ ಟೋಕನ್ ಕೊಡಬೇಡಿ.

ಲೆಕ್ಕ
ಸಾಮಾನ್ಯವಾಗಿ ಯಂತ್ರ ಒಬ್ಬರದು, ಜಾಗ ಮತ್ತೊಬ್ಬರದು. ರಿಪೇರಿ ಯಂತ್ರದವರ ಹೊಣೆ, ಬಂದದ್ದರಲ್ಲಿ ಇಬ್ಬರಿಗೂ ಪಾಲು. ಕರೆಂಟಿನ ಖರ್ಚು ಯಾರದೆಂದು ಮೊದಲೇ ಬರೆದುಕೊಳ್ಳಿ. ಒಳಗಿನ ಮೀಟರ್ ಬಿದ್ದ ಪ್ರತಿ ಟೋಕನನ್ನೂ ಎಣಿಸುತ್ತದೆ. ಪೆಟ್ಟಿಗೆ ತೆರೆಯುವಾಗ ಇಬ್ಬರೂ ಎದುರಿರಬೇಕು. ಇಂದಿನ ಅಂಕಿಯಿಂದ ಹಿಂದಿನದನ್ನು ಕಳೆದರೆ ಉಳಿಯುವಷ್ಟು ಟೋಕನ್ ಪೆಟ್ಟಿಗೆಯಲ್ಲಿರಬೇಕು, ಅಷ್ಟರ ಹಣ ಗಲ್ಲಾದಲ್ಲಿರಬೇಕು.

ಮಳೆಗಾಲ
ಕರಾವಳಿಯ ತೇವಕ್ಕೆ ತಂತಿಯ ತುದಿಗಳು ತುಕ್ಕು ಹಿಡಿಯುತ್ತವೆ. ಯಂತ್ರವನ್ನು ಗೋಡೆಗೆ ತಾಗಿಸದೆ, ನೆಲದಿಂದ ತುಸು ಎತ್ತರಿಸಿ ಇಡಿ. ಅರ್ತಿಂಗ್ ಸರಿಯಿದೆಯೇ ಎಂದು ಎಲೆಕ್ಟ್ರಿಷಿಯನ್‌ಗೆ ತೋರಿಸಿ. ಗುಡುಗು ಕೇಳಿದ ಕೂಡಲೇ ಪ್ಲಗ್ ಕಳಚಿ.

ಇಷ್ಟಾದರೂ ಒಮ್ಮೊಮ್ಮೆ ಯಂತ್ರ ಟೋಕನ್ ನುಂಗಿ ಸುಮ್ಮನಾಗುತ್ತದೆ. ಆಗ ಮಗುವಿನ ಮಾತನ್ನು ನಂಬಿ ಇನ್ನೊಂದು ಟೋಕನ್ ಕೊಡಿ, ಪುಸ್ತಕದಲ್ಲಿ ಬರೆದಿಡಿ. ಪಾಲುದಾರರಿಗೆ ಒಪ್ಪಿಸುವ ಲೆಕ್ಕದಷ್ಟೇ ಆ ಮಗುವಿನ ಲೆಕ್ಕವೂ ಚೊಕ್ಕವಾಗಿರಬೇಕು.