ಕಿತ್ತೂರಿನ ಮೊದಲ ಕಾಳಗವೂ ದತ್ತಕದ ಪ್ರಶ್ನೆಯೂ

ಕ್ರಿ.ಶ. 1824ರ ಅಕ್ಟೋಬರ್ 23ರಂದು ಕಿತ್ತೂರು ಕೋಟೆಯ ಮುಂದೆ ನಡೆದ ಕಾಳಗವು 1857ರ ಸಂಗ್ರಾಮಕ್ಕಿಂತ 33 ವರ್ಷ ಹಿಂದಿನದೆಂದು ನಾವೆಲ್ಲರೂ ಅಭಿಮಾನದಿಂದ ಹೇಳುತ್ತೇವೆ. ಅಭಿಮಾನ ಸಹಜವೇ. ಆದರೆ ಆ ಕಾಳಗ ಏತಕ್ಕಾಗಿ ನಡೆಯಿತೆಂಬುದು ಉತ್ಸವದ ಭಾಷಣಗಳಲ್ಲಿ ಮರೆಯಾಗುತ್ತಿದೆ. ನಾಟಕ, ಚಲನಚಿತ್ರಗಳ ಪ್ರಭಾವದಿಂದ ಕಪ್ಪದ ಮಾತೇ ಮುಂದಾಗಿದೆ. ಮೂಲ ವ್ಯಾಜ್ಯವು ಕಪ್ಪದ್ದಲ್ಲ, ದತ್ತಕದ್ದು.

ಪೇಶ್ವೆಯವರ ಪತನಾನಂತರ, 1818ರಲ್ಲಿ, ಕಿತ್ತೂರಿನ ದೇಸಾಯಿ ಶಿವಲಿಂಗರುದ್ರಸರ್ಜರು ಕಂಪನಿ ಸರಕಾರದೊಡನೆ ಒಪ್ಪಂದ ಮಾಡಿಕೊಂಡು ಸಂಸ್ಥಾನವನ್ನು ಉಳಿಸಿಕೊಂಡಿದ್ದರು. 1824ರ ಸೆಪ್ಟೆಂಬರಿನಲ್ಲಿ ಅವರು ಸಂತಾನವಿಲ್ಲದೆ ಲಿಂಗೈಕ್ಯರಾದರು. ಶಿವಲಿಂಗಪ್ಪನೆಂಬ ಬಾಲಕನು ಆ ಮನೆತನಕ್ಕೆ ದತ್ತಕನಾಗಿ ಬಂದಿದ್ದನು. ಧಾರವಾಡದ ಕಲೆಕ್ಟರ್ ಥ್ಯಾಕರೆ ಈ ದತ್ತಕವನ್ನು ಮಾನ್ಯ ಮಾಡಲಿಲ್ಲ. ಸಂಸ್ಥಾನದ ಭಂಡಾರಕ್ಕೆ ಮುದ್ರೆ ಹಾಕಿಸಿ ಕಾವಲಿಟ್ಟನು. ಮನೆತನಕ್ಕೆ ಮಗನಾರೆಂಬುದನ್ನು ಮನೆಯವರು ನಿರ್ಣಯಿಸಬೇಕೋ, ಪರದೇಶದ ವ್ಯಾಪಾರಿ ಕಂಪನಿಯೋ? ಡಾಲ್‌ಹೌಸಿಯ ಕಾಲದಲ್ಲಿ ಸಾತಾರಾ, ಝಾನ್ಸಿಗಳನ್ನು ನುಂಗಿದ ನೀತಿಯ ಮುನ್ನುಡಿ ಇದು. ಅದಕ್ಕೆ ಶಸ್ತ್ರದಿಂದ ಉತ್ತರ ದೊರೆತದ್ದು ಕಿತ್ತೂರಿನಲ್ಲಿ. ಈ ಕಾಳಗದ ನಿಜವಾದ ಮಹತ್ತ್ವವನ್ನು ನಾವು ಇಲ್ಲಿ ಕಾಣುತ್ತೇವೆ. ಮಲ್ಲಸರ್ಜ ದೇಸಾಯಿಯವರ ಪತ್ನಿ ಚೆನ್ನಮ್ಮಾಜಿಯವರು ಸಿಂಹಾಸನವನ್ನು ತಮಗಾಗಿ ಬಯಸಿದವರಲ್ಲ. ಆ ಬಾಲಕನ ಹಕ್ಕಿಗಾಗಿ ನಿಂತವರು.

ಅಂದು ಬಾಗಿಲು ತೆರೆಯಬೇಕೆಂದು ಥ್ಯಾಕರೆ ಗಡುವು ಕೊಟ್ಟನು. ಬಾಗಿಲು ತೆರೆಯಿತು, ಕಿತ್ತೂರಿನ ಸೈನ್ಯವೇ ಹೊರಗೆ ನುಗ್ಗಿತು. ಥ್ಯಾಕರೆ ಹತನಾದನು, ಅವನನ್ನು ಕೊಂದ ಕೀರ್ತಿ ಅಮಟೂರ ಬಾಳಪ್ಪನದು. ಲಿಂಗಾಯತ ರಾಣಿಯ ಈ ಪಡೆಯಲ್ಲಿ ಹಾಲುಮತದ ಸಂಗೊಳ್ಳಿ ರಾಯಣ್ಣನೂ ಇದ್ದನೆಂಬುದನ್ನು, ಇತಿಹಾಸವನ್ನು ಜಾತಿವಾರು ಹಂಚಿಕೊಳ್ಳಲು ಹೊರಟಿರುವ ಈ ದಿನಗಳಲ್ಲಿ, ನಮ್ಮ ಸಮಾಜದವರೇ ಮೊದಲು ನೆನೆಯಬೇಕು.

ಸೆರೆಸಿಕ್ಕ ಸ್ಟೀವನ್‌ಸನ್ ಮತ್ತು ಎಲಿಯಟ್ ಎಂಬ ಅಧಿಕಾರಿಗಳಿಗೆ ಕೋಟೆಯೊಳಗೆ ಪ್ರಾಣಭಯವಾಗಲಿಲ್ಲ. ಕೋಟೆ ಬೀಳುವ ಮೊದಲೇ ಅವರನ್ನು ಬಿಡುಗಡೆ ಮಾಡಲಾಯಿತು. (ಮುಂದೆ ಕನ್ನಡನಾಡಿನ ನೂರಾರು ಶಾಸನಗಳನ್ನು ಪ್ರತಿ ಮಾಡಿಸಿದ ವಾಲ್ಟರ್ ಎಲಿಯಟ್ ಇವನೇ. ಕನ್ನಡ ಓದಿದ ನಮ್ಮಂಥವರು ಆ ಔದಾರ್ಯಕ್ಕೆ ಇನ್ನೊಂದು ಬಗೆಯಲ್ಲಿಯೂ ಋಣಿಗಳು.)

ಕಮಿಷನರ್ ಚಾಪ್ಲಿನ್ ದೊಡ್ಡ ಸೈನ್ಯದೊಂದಿಗೆ ಬಂದನು. ಡಿಸೆಂಬರ್ 5ರಂದು ಕೋಟೆ ಬಿದ್ದಿತು. ಸೋಲಿಗೆ ದ್ರೋಹಿಗಳ ಕಥೆಯೊಂದನ್ನೇ ಕಾರಣವಾಗಿ ಹೇಳುವುದು ನಮಗೆ ಸಮ್ಮತವಲ್ಲ; ಪುಟ್ಟ ಸಂಸ್ಥಾನವೊಂದು ಎಂಥ ಬಲಕ್ಕೆ ಎದುರಾಗಿತ್ತೆಂಬುದು ಅದರಿಂದ ಮಸುಕಾಗುತ್ತದೆ. ಚೆನ್ನಮ್ಮಾಜಿಯವರು ಬೈಲಹೊಂಗಲದ ಸೆರೆಯಲ್ಲಿಯೇ 1829ರ ಫೆಬ್ರುವರಿಯಲ್ಲಿ ಲಿಂಗೈಕ್ಯರಾದರು. ಅವರ ಸಮಾಧಿ ಅಲ್ಲಿಯೇ ಇದೆ. ದತ್ತಕದ ಪ್ರಶ್ನೆ ಮಾತ್ರ ಸಮಾಧಿಯಾಗಲಿಲ್ಲ. ಅದೇ ಶಿವಲಿಂಗಪ್ಪನನ್ನು ಪಟ್ಟಕ್ಕೆ ತರಲೆಂದು ರಾಯಣ್ಣನು ರೈತಾಪಿ ಜನರನ್ನು ಕಟ್ಟಿಕೊಂಡು ಮತ್ತೆ ಬಂಡೆದ್ದನು. 1831ರ ಜನವರಿ 26ರಂದು ನಂದಗಡದಲ್ಲಿ ಅವನನ್ನು ಗಲ್ಲಿಗೇರಿಸಿದರು.