ಅಂಕ ಕಡಿಮೆಯಾದರೆ ತಾಟಿನತ್ತಲೂ ನೋಡಿ

ತೊಗರಿ ರಾಶಿಯ ದಿನಗಳು ಬಂದವೆಂದರೆ ಅಫಜಲಪುರ ತಾಲ್ಲೂಕಿನ ಗೊಬ್ಬೂರ ಕಡೆಯ ಮನೆಗಳಲ್ಲಿ ದೊಡ್ಡವರು ನಸುಕಿನಲ್ಲೇ ಹೊಲದ ಹಾದಿ ಹಿಡಿಯುತ್ತಾರೆ. ಶಾಲೆಗೆ ಹೊರಟ ಎಷ್ಟೋ ಮಕ್ಕಳ ಹೊಟ್ಟೆಗೆ ಚಹಾ, ಬಿಸ್ಕತ್ತು ಅಷ್ಟೇ. ಎರಡನೆಯ ಪೀರಿಯಡ್ಡಿಗೆ ಆಕಳಿಕೆ ಸುರು. ಪಾಠದ ಕಡೆ ಲಕ್ಷ್ಯವಿಲ್ಲ ಎಂದು ಗುರುಗಳು, ಮೈಗಳ್ಳ ಎಂದು ಪಾಲಕರು ಬೈಯುತ್ತಾರೆ. ಏನು ಉಂಡು ಬಂದೆ ಎಂದು ಕೇಳುವವರು ಕಡಿಮೆ.

2025ರ ಎಸ್ಸೆಸ್ಸೆಲ್ಸಿ ಪರೀಕ್ಷೆ-1ರಲ್ಲಿ ಕಲಬುರಗಿ ಜಿಲ್ಲೆ ಶೇ 42.43 ಫಲಿತಾಂಶದೊಂದಿಗೆ ರಾಜ್ಯದಲ್ಲೇ ಕೊನೆಗೆ ನಿಂತಿತು. ಫಲಿತಾಂಶ ಬಂದಾಗಲೆಲ್ಲ ವಿಶೇಷ ತರಗತಿ, ಟ್ಯೂಷನ್‌ಗಳ ಮಾತೇ ಮಾತು. ಅವೂ ಬೇಕು, ಬೇಡವೆನ್ನುವವರು ಯಾರು? ಆದರೆ ಕಲಿಯುವುದು ಮಿದುಳು. ದೇಹದ ತೂಕದಲ್ಲಿ ಸುಮಾರು ಶೇ 2ರಷ್ಟಿರುವ ಈ ಅಂಗ ವಿಶ್ರಾಂತಿಯಲ್ಲಿರುವ ದೇಹ ಬಳಸುವ ಶಕ್ತಿಯಲ್ಲಿ ಶೇ 20ರಷ್ಟನ್ನು ತಾನೇ ಬಳಸುತ್ತದೆ. ಅದಕ್ಕೆ ಆಮ್ಲಜನಕ ಒಯ್ಯುವುದು ರಕ್ತದ ಹಿಮೋಗ್ಲೋಬಿನ್. ಹಿಮೋಗ್ಲೋಬಿನ್ ಆಗಲು ಕಬ್ಬಿಣಾಂಶ ಬೇಕು. ಕೊರತೆಯಾದರೆ ದಣಿವು, ಮಂಕು, ಗಮನ ನಿಲ್ಲದಿರುವುದು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ದೇಶದ 15ರಿಂದ 19 ವಯಸ್ಸಿನ ಹುಡುಗಿಯರಲ್ಲಿ ಶೇ 59 ಮಂದಿಗೆ ರಕ್ತಹೀನತೆ ಇತ್ತು. ಮಗಳು 'ದಡ್ಡಿ' ಎನ್ನುವ ಮುನ್ನ ಈ ಲೆಕ್ಕ ನೆನಪಿರಲಿ.

ಅನ್ನಕ್ಕೂ ಅಕ್ಷರಕ್ಕೂ ನಂಟಿದೆಯೇ? 2002ರಲ್ಲಿ ರಾಜ್ಯದ ಬಿಸಿಯೂಟ ಮೊದಲು ಆರಂಭವಾದ ಜಿಲ್ಲೆಗಳಲ್ಲಿ ಆಗಿನ ಗುಲಬರ್ಗಾವೂ ಒಂದು. ತಾನಿಕಾ ಚಕ್ರವರ್ತಿ ಮತ್ತು ರಾಜಶ್ರೀ ಜಯರಾಮನ್ ದೇಶದ ಅಂಕಿಅಂಶ ಹಿಡಿದು ನಡೆಸಿ, 2019ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಐದು ವರ್ಷದವರೆಗೆ ಬಿಸಿಯೂಟದ ಅನುಕೂಲವಿದ್ದ ಮಕ್ಕಳ ಓದಿನ ಅಂಕ, ಒಂದು ವರ್ಷಕ್ಕಿಂತ ಕಡಿಮೆ ಇದ್ದವರಿಗಿಂತ ಶೇ 18ರಷ್ಟು ಹೆಚ್ಚಿತ್ತು. ಗಣಿತದಲ್ಲಿ ಶೇ 9.

ಇನ್ನು ನಿದ್ದೆ. ಪರೀಕ್ಷೆ ಹತ್ತಿರವಾದಾಗ ರಾತ್ರಿ ಒಂದರವರೆಗೆ ಕೂಡಿಸಿ, ನಾಲ್ಕಕ್ಕೆ ಎಬ್ಬಿಸುವ ಪಾಲಕರಿದ್ದಾರೆ. ಹಗಲು ಓದಿದ್ದು ನೆನಪಿನಲ್ಲಿ ಗಟ್ಟಿಯಾಗುವುದು ನಿದ್ದೆಯಲ್ಲೇ. ಹದಿಹರೆಯದವರಿಗೆ 8ರಿಂದ 10 ತಾಸು ಬೇಕು. ಬೆತ್ತದ ಅಂಜಿಕೆಯೂ ಅಷ್ಟೇ. ಅಂಜಿದ ಮನಸ್ಸಿನಲ್ಲಿ ಲೆಕ್ಕಕ್ಕೆ ಜಾಗವಿರುವುದಿಲ್ಲ.

ಖರ್ಚಿಲ್ಲದ ಕೆಲಸಗಳೂ ಇವೆ. ಬೆಳಿಗ್ಗೆ ಒಂದು ಜೋಳದ ರೊಟ್ಟಿ, ಶೇಂಗಾ ಹಿಂಡಿ ತಿಂದು ಹೋಗಲಿ. ಪಲ್ಯದ ಮೇಲೆ ನಿಂಬೆ ಹಿಂಡಿದರೆ ಅದರ ಕಬ್ಬಿಣಾಂಶ ಮೈಗೆ ಹೆಚ್ಚು ಹತ್ತುತ್ತದೆ; ಊಟದ ಜೊತೆಗೇ ಚಹಾ ಕುಡಿದರೆ ಕಡಿಮೆಯಾಗುತ್ತದೆ, ಒಂದು ತಾಸು ಬಿಟ್ಟು ಕುಡಿಯಲಿ. ಶಾಲೆಯಲ್ಲಿ ವಾರಕ್ಕೊಮ್ಮೆ ಕೊಡುವ ಕಬ್ಬಿಣದ ಮಾತ್ರೆಯಿಂದ ಹೊಟ್ಟೆ ತೊಳಸುತ್ತದೆಂದು ಮಕ್ಕಳು ಬಿಸಾಡುವುದುಂಟು; ಊಟದ ನಂತರ ನುಂಗಿದರೆ ಆ ತೊಂದರೆ ಕಡಿಮೆ. ಕಣ್ಣಿನ ಕೆಳರೆಪ್ಪೆಯ ಒಳಭಾಗ ಬಿಳಚಿಕೊಂಡಿದ್ದರೆ ಮಗುವನ್ನು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕರೆದೊಯ್ದು ರಕ್ತ ತಪಾಸಣೆ ಮಾಡಿಸಿ.