ಫೇರ್‌ಫ್ಯಾಕ್ಸ್ ಬೀದಿಯಲ್ಲಿ ಒಂದೇ ತಟ್ಟೆಯ ಊಟ

ಲಾಸ್ ಏಂಜಲೀಸಿನ ಫೇರ್‌ಫ್ಯಾಕ್ಸ್ ಅವೆನ್ಯೂ ಉದ್ದಕ್ಕೆ ಹರಿಯುವ ದೊಡ್ಡ ರಸ್ತೆ. ಅದರಲ್ಲಿ ಒಲಿಂಪಿಕ್ ಬುಲೆವಾರ್ಡ್ ದಾಟಿ ಪಿಕೊ ಬುಲೆವಾರ್ಡ್ ಕಡೆಗೆ ಇಳಿಯುವ ಒಂದು ತುಂಡಿಗೆ ‘ಲಿಟಲ್ ಇಥಿಯೋಪಿಯ’ ಎಂದು ಹೆಸರು. 2002ರಲ್ಲಿ ನಗರಾಡಳಿತವೇ ಕೊಟ್ಟ ಹೆಸರಿದು. ನಿಧಾನವಾಗಿ ನಡೆದರೂ ಹತ್ತು ನಿಮಿಷದಲ್ಲಿ ಮುಗಿಯುವಷ್ಟು ಜಾಗ. ಹೋಟೆಲು, ದಿನಸಿ ಅಂಗಡಿ, ಬಟ್ಟೆ ಅಂಗಡಿಗಳ ಬೋರ್ಡುಗಳಲ್ಲಿ ಇಂಗ್ಲಿಷಿನ ಜೊತೆ ಅಮ್ಹಾರಿಕ್ ಅಕ್ಷರಗಳು. ಕೆಲವು ಹೆಸರುಗಳಲ್ಲೇ ಊರಿನ ನೆನಪಿದೆ: ಮೆರ್ಕಾಟೊ ಅಂದರೆ ಅಡಿಸ್ ಅಬಾಬಾದ ದೊಡ್ಡ ಸಂತೆ, ಲಾಲಿಬೆಲಾ ಅಂದರೆ ಬಂಡೆ ಕೊರೆದು ಮಾಡಿದ ಇಗರ್ಜಿಗಳ ಊರು.

1974ರಲ್ಲಿ ಚಕ್ರವರ್ತಿ ಹೈಲೆ ಸೆಲಾಸಿಯನ್ನು ಇಳಿಸಿ ದೆರ್ಗ್ ಎಂಬ ಸೇನಾಡಳಿತ ಬಂತು. ಓದಲೆಂದು ಅಮೆರಿಕಕ್ಕೆ ಬಂದಿದ್ದ ಅನೇಕರು ಹಿಂದಿರುಗಲಾಗದೆ ಉಳಿದರು, ಊರಿನಿಂದ ತಪ್ಪಿಸಿಕೊಂಡವರು ಅವರನ್ನು ಕೂಡಿಕೊಂಡರು. 1980ರ ಅಮೆರಿಕದ ನಿರಾಶ್ರಿತರ ಕಾಯ್ದೆ ಇನ್ನಷ್ಟು ಜನಕ್ಕೆ ಬಾಗಿಲು ತೆರೆಯಿತು. ಈ ಬೀದಿಯ ಒಲೆಗಳು ಹೊತ್ತಿದ್ದು ಹಾಗೆ.

ನಮ್ಮ ಕಚೇರಿಯ ಗುಂಪಿಗೆ ಮಧ್ಯಾಹ್ನದ ಊಟದ ಜಾಗ ಹುಡುಕುವುದು ಯಾವಾಗಲೂ ಕಷ್ಟ. ಒಬ್ಬರು ಮಾಂಸ ಮುಟ್ಟುವುದಿಲ್ಲ, ಒಬ್ಬರು ಹಾಲು-ಮೊಸರು ಬಿಟ್ಟಿದ್ದಾರೆ, ಇನ್ನೊಬ್ಬರಿಗೆ ಗೋಧಿ ಆಗುವುದಿಲ್ಲ, ಮತ್ತೊಬ್ಬರಿಗೆ ಹಲಾಲ್ ಆಗಬೇಕು. ಲೆಕ್ಕಪತ್ರ ವಿಭಾಗದ ಹಿರಿಯರೊಬ್ಬರು ಅಡಿಸ್ ಅಬಾಬಾದಲ್ಲಿ ಹುಟ್ಟಿದವರು. ಶುಕ್ರವಾರ ತಮ್ಮ ಜೊತೆ ಬಂದರೆ ಎಲ್ಲರಿಗೂ ಹೊಟ್ಟೆ ತುಂಬ ಊಟ ಸಿಗುತ್ತದೆ ಎಂದರು. ವಾರ ನೋಡಿಯೇ ಹೇಳಿದ್ದರು. ಇಥಿಯೋಪಿಯದ ಆರ್ಥೊಡಾಕ್ಸ್ ಕ್ರೈಸ್ತರಿಗೆ ಬುಧವಾರ ಮತ್ತು ಶುಕ್ರವಾರ ಉಪವಾಸದ ದಿನ. ಈಸ್ಟರ್‌ಗೆ ಮುಂಚೆ 55 ದಿನದ ದೊಡ್ಡ ಉಪವಾಸ, ಕ್ರಿಸ್ಮಸ್‌ಗೆ ಮುಂಚೆ ಇನ್ನೊಂದು, ಆಗಸ್ಟಿನಲ್ಲಿ ಮತ್ತೊಂದು. ಆ ದಿನಗಳಲ್ಲಿ ಮಾಂಸ, ಮೊಟ್ಟೆ, ಹಾಲು, ತುಪ್ಪ ಯಾವುದೂ ಇಲ್ಲ. ಈರುಳ್ಳಿ, ಬೆಳ್ಳುಳ್ಳಿಗೆ ಮಾತ್ರ ಅಡ್ಡಿಯಿಲ್ಲ. ಶತಮಾನಗಳಿಂದ ಇಷ್ಟು ದಿನ ಹೀಗೆ ಉಣ್ಣುತ್ತ ಬಂದ ಜನ ಬೇಳೆ-ಸೊಪ್ಪಿನ ಅಡುಗೆಯನ್ನು ಎಲ್ಲಿಗೆ ಮುಟ್ಟಿಸಿರಬಹುದು! ಈ ಮಹಾನಗರದಲ್ಲಿ ಸಸ್ಯಾಹಾರಿಗೆ ಇದಕ್ಕಿಂತ ಒಳ್ಳೆಯ ಮಧ್ಯಾಹ್ನದ ಊಟ ನನಗೆ ಗೊತ್ತಿಲ್ಲ.

ಕೈ ತೊಳೆದು ಕೂತೆವು. ಬಂದದ್ದು ಒಂದೇ ತಟ್ಟೆ, ಮೇಜಿನ ಅರ್ಧದಷ್ಟು ಅಗಲ. ಅದರ ತುಂಬ ಹಾಸಿದ್ದು ಇಂಜೆರಾ. ಟೆಫ್ ಎಂಬ, ಸಾಸಿವೆಗಿಂತಲೂ ಎಷ್ಟೋ ಸಣ್ಣ ಕಾಳಿನ ಹಿಟ್ಟನ್ನು ಹಿಂದಿನ ಸಲ ಉಳಿಸಿಟ್ಟ ಹುಳಿನೀರಿನ ಜೊತೆ ಕಲಸಿ, ಎರಡು ಮೂರು ದಿನ ಹುಳಿ ಬರಲು ಬಿಟ್ಟು, ದೊಡ್ಡ ಹೆಂಚಿನ ಮೇಲೆ ಹೊರಗಿನಿಂದ ಒಳಗೆ ಸುತ್ತಿ ಹೊಯ್ದು ಮುಚ್ಚಳ ಮುಚ್ಚುತ್ತಾರೆ. ನೀರುದೋಸೆಯ ಹಾಗೆ ಇದನ್ನೂ ಮಗುಚುವುದಿಲ್ಲ. ಮೇಲ್ಮೈ ತುಂಬ ಸಣ್ಣ ಸಣ್ಣ ಕಣ್ಣುಗಳು, ಸಾರು ಹಿಡಿದುಕೊಳ್ಳುವುದು ಅವೇ. ಗೋಧಿ ಆಗದವರು ಮಾತ್ರ ಮೊದಲೇ ಕೇಳಿಕೊಳ್ಳಬೇಕು. ಅಮೆರಿಕದಲ್ಲಿ ಎಷ್ಟೋ ಹೋಟೆಲುಗಳು ಟೆಫ್ ಜೊತೆ ಗೋಧಿಯನ್ನೋ ಬಾರ್ಲಿಯನ್ನೋ ಬೆರೆಸುತ್ತವೆ. ನಮ್ಮ ಹಿರಿಯರು ಶುದ್ಧ ಟೆಫ್‌ನದನ್ನೇ ಮುಂಚಿತವಾಗಿ ಹೇಳಿಟ್ಟಿದ್ದರು.

ಇಂಜೆರಾದ ಮೇಲೆ ಗುಪ್ಪೆಗುಪ್ಪೆಯಾಗಿ ಪಲ್ಯ, ಬೇಳೆ. ನಡುವೆ ಕೆಂಪಗೆ ಮಿಸಿರ್ ವೊಟ್, ಅಂದರೆ ಮಸೂರ್ ಬೇಳೆಯ ಗಟ್ಟಿ ಸಾರು. ಅದರ ಪಕ್ಕ ಹಳದಿ ಬಟಾಣಿ ಬೇಳೆಯ ಸಪ್ಪೆ ಅಲಿಚಾ, ಗೊಮೆನ್ ಎಂಬ ಸೊಪ್ಪು, ಎಲೆಕೋಸು-ಕ್ಯಾರೆಟ್-ಆಲೂಗಡ್ಡೆಯ ಪಲ್ಯ, ಕಡಲೆ ಹಿಟ್ಟು ಕುದಿಸಿದ ಶಿರೊ. ಮಿಸಿರ್ ವೊಟ್‌ನ ಗುಟ್ಟು ಈರುಳ್ಳಿಯಲ್ಲಿದೆ. ಸಣ್ಣಗೆ ಹೆಚ್ಚಿದ ರಾಶಿ ಈರುಳ್ಳಿಯನ್ನು ಮೊದಲು ಎಣ್ಣೆಯೇ ಇಲ್ಲದೆ ಬಾಡಿಸುತ್ತಾರೆ. ಅದು ತನ್ನ ನೀರಿನಲ್ಲೇ ಬೆಂದು ಮೆತ್ತಗಾದ ಮೇಲೆ ಎಣ್ಣೆ, ಆಮೇಲೆ ಬೆರ್ಬೆರೆ. ಒಣಮೆಣಸಿನಕಾಯಿ, ಮೆಂತ್ಯ, ಶುಂಠಿ, ಕೊರರಿಮಾ ಎಂಬ ಅವರದೇ ಏಲಕ್ಕಿ ಸೇರಿದ ಪುಡಿಯದು. ಖಾರ ನಾಲಿಗೆಯನ್ನು ತಕ್ಷಣ ಹಿಡಿಯುವುದಿಲ್ಲ, ನಾಲ್ಕನೇ ತುತ್ತಿಗೆ ಹಣೆಯಲ್ಲಿ ಬೆವರು ಕಾಣಿಸುತ್ತದೆ. ಆಗ ಅಲಿಚಾ ಕಡೆಗೆ ಕೈ ಹೋಗುತ್ತದೆ. ಉಪವಾಸವಿಲ್ಲದ ದಿನ ಇದೇ ಬೇಳೆಗೆ ಮಸಾಲೆ ಹಾಕಿ ಕಾಯಿಸಿದ ತುಪ್ಪ ಬೀಳುವುದುಂಟು. ಮಾಂಸ ತಿನ್ನುವವರಿಗೆ ಬೇಯಿಸಿದ ಮೊಟ್ಟೆ ಹಾಕಿದ ಕೋಳಿ ಸಾರು, ಡೊರೊ ವೊಟ್, ಇದೆ.

ನಮ್ಮಲ್ಲಿ ಎಂಜಲಿನ ವಿಚಾರ ಬಹಳ ಗಟ್ಟಿ. ಅಮ್ಮನ ಕೈತುತ್ತು ಬಿಟ್ಟರೆ, ಮದುವೆಯ ಭೂಮದ ಊಟ ಬಿಟ್ಟರೆ, ಇನ್ನೊಬ್ಬರು ಉಣ್ಣುತ್ತಿರುವ ತಟ್ಟೆಗೆ ನಾವು ಕೈ ಹಾಕುವವರಲ್ಲ. ಎಷ್ಟೋ ವರ್ಷ ಪಕ್ಕಪಕ್ಕ ಕೂತು ಕೆಲಸ ಮಾಡಿದವರ ಡಬ್ಬಿಯಿಂದಲೂ ಚಮಚದಲ್ಲಿ ಹಾಕಿಸಿಕೊಂಡು ತಿನ್ನುವುದೇ ರೂಢಿ. ಇಲ್ಲಿ ಎಲ್ಲರ ಬಲಗೈಯೂ ಒಂದೇ ತಟ್ಟೆಯಲ್ಲಿ. ಅದಕ್ಕೂ ಒಂದು ಶಿಸ್ತಿದೆ. ಇಂಜೆರಾ ಚೂರಿನಿಂದಲೇ ಪಲ್ಯ ಹಿಡಿಯಬೇಕು, ಬೆರಳು ಪಲ್ಯಕ್ಕೆ ತಾಗಬಾರದು, ಬೆರಳು ನೆಕ್ಕಬಾರದು, ತನ್ನ ಮುಂದಿನದನ್ನೇ ತೆಗೆದುಕೊಳ್ಳಬೇಕು. ಎರಡು ನಿಮಿಷ ಎಲ್ಲರೂ ಬಿಗಿಯಾಗಿ ಕೂತಿದ್ದೆವು. ಆಗ ಆ ಹಿರಿಯರು ಇಂಜೆರಾದ ಒಂದು ದೊಡ್ಡ ಚೂರು ಹರಿದು, ಅದರಲ್ಲಿ ಮಿಸಿರ್ ವೊಟ್, ಸ್ವಲ್ಪ ಸೊಪ್ಪು ಹಿಡಿದು, ಮೂರು ಬೆರಳಲ್ಲಿ ಬಿಗಿಯಾಗಿ ಸುತ್ತಿ, ಪಕ್ಕದಲ್ಲಿದ್ದ ಹೊಸ ಹುಡುಗನ ಬಾಯಿಗೆ ನೇರ ಇಟ್ಟರು. ಇದು ಗುರ್ಶಾ. ಪ್ರೀತಿಗೂ ಮರ್ಯಾದೆಗೂ ಕೊಡುವ ತುತ್ತು. ಬೇಡ ಎನ್ನುವಂತಿಲ್ಲ. ಕೆಲಸಕ್ಕೆ ಸೇರಿ ಒಂದು ತಿಂಗಳೂ ಆಗಿರದ ಆ ಹುಡುಗ ಬಾಯಿ ತುಂಬಿಕೊಂಡು ನಕ್ಕ. ಆಮೇಲೆ ನಮ್ಮ ಮೇಲಧಿಕಾರಿಗೆ ಅವನೇ ಒಂದು ತುತ್ತು ಕಟ್ಟಿಕೊಟ್ಟ.

ನಮ್ಮ ಜೊತೆ ಧಾರವಾಡದವರೊಬ್ಬರಿದ್ದರು. ಊಟ ಮುಗಿಸಿ ಪಕ್ಕದ ದಿನಸಿ ಅಂಗಡಿಗೆ ಹೋದಾಗ ಕಪ್ಪು ಎಳ್ಳಿನಂಥ ಕಾಳಿನ ಚೀಲ ಎತ್ತಿ, “ಇಲ್ಲಿ ನೋಡ್ರಿ, ಗುರೆಳ್ಳು!” ಎಂದರು. ಹಳೇ ಮೈಸೂರಿನವರು ಹುಚ್ಚೆಳ್ಳು ಎನ್ನುವುದು ಇದನ್ನೇ. ಇಥಿಯೋಪಿಯದಲ್ಲಿ ಅದು ನೂಗ್, ಅಲ್ಲಿನ ಅಡುಗೆಗೆ ಬೇಕೇ ಬೇಕಾದ ಎಣ್ಣೆ. ಗಿಡದ ಮೂಲವೂ ಆ ಬೆಟ್ಟಸೀಮೆಯೇ. ರಾಗಿಯ ತವರು ಕೂಡ ಪೂರ್ವ ಆಫ್ರಿಕದ ಎತ್ತರದ ನೆಲ, ಜೋಳದ್ದು ಅದರ ನೆರೆಯ ಸುಡಾನಿನ ಸೀಮೆ. ಜೋಳದ ರೊಟ್ಟಿ, ಗುರೆಳ್ಳು ಚಟ್ನಿಪುಡಿ, ರಾಗಿ ಮುದ್ದೆ ಎಲ್ಲವೂ ಸಾವಿರಾರು ವರ್ಷಗಳ ಹಿಂದೆ ಆ ಕಡೆಯಿಂದ ಬಂದ ಕಾಳಿನ ಋಣದಲ್ಲಿವೆ. ಬಾಬಾ ಬುಡನ್ ಯೆಮನ್ನಿನಿಂದ ಚಿಕ್ಕಮಗಳೂರಿಗೆ ತಂದರೆಂದು ಹೇಳುವ ಕಾಫಿಯ ಮೂಲವೂ ಇಥಿಯೋಪಿಯದ ಕಾಡೇ.

ಅಲ್ಲಿನ ಕಾಫಿ ಕುಡಿಯಲು ಬೇರೆಯೇ ಬಿಡುವು ಬೇಕು. ಹಸಿ ಬೀಜವನ್ನು ಎದುರಿಗೇ ಹುರಿದು, ಆ ಹೊಗೆಯನ್ನು ಎಲ್ಲರಿಗೂ ಮೂಸಲು ಕೊಟ್ಟು, ಪುಡಿ ಮಾಡಿ, ಜೆಬೆನಾ ಎಂಬ ಉದ್ದ ಕತ್ತಿನ ಮಣ್ಣಿನ ಹೂಜಿಯಲ್ಲಿ ಕುದಿಸಿ, ಹಿಡಿಯಿಲ್ಲದ ಪುಟ್ಟ ಬಟ್ಟಲಿಗೆ ಬಗ್ಗಿಸುತ್ತಾರೆ. ಪಕ್ಕದಲ್ಲಿ ಲೋಬಾನದ ಹೊಗೆ, ತಿನ್ನಲು ಪಾಪ್‌ಕಾರ್ನ್. ಅಬೋಲ್, ತೋನಾ, ಬೆರೆಕಾ ಎಂದು ಮೂರು ಸುತ್ತು, ಕೊನೆಯದು ಆಶೀರ್ವಾದದ ಬಟ್ಟಲು. ಮೂರೂ ಮುಗಿಯಲು ಗಂಟೆಯ ಮೇಲಾಗುತ್ತದೆ. ಕಚೇರಿಯ ಊಟದ ಬಿಡುವಿನಲ್ಲಿ ಅದನ್ನು ತುರುಕಬೇಡಿ, ಶನಿವಾರವೋ ಭಾನುವಾರವೋ ಹೋಗಿ. ಊಟಕ್ಕಾದರೆ ನಾಲ್ಕು ಜನಕ್ಕೆ ಕಡಿಮೆ ಇಲ್ಲದಂತೆ ಹೋಗಿ, ತಟ್ಟೆ ಒಂದೇ ಸಾಕೆಂದು ಮೊದಲೇ ಹೇಳಿ. ಸೆಪ್ಟೆಂಬರ್ 11ರ ಆಸುಪಾಸಿನಲ್ಲಿ ಆ ಕಡೆ ಹೋಗುವುದಿದ್ದರೆ ಇನ್ನೂ ಒಳ್ಳೆಯದು. ಅದು ಅವರ ಹೊಸ ವರ್ಷ, ಬೀದಿಯಲ್ಲೇ ಹಬ್ಬ ನಡೆಯುತ್ತದೆ.